ಜಳಕದ ನೀರಿಗೆ ಹೀಟ್ ಪಂಪ್: ಹುಬ್ಬಳ್ಳಿ-ಧಾರವಾಡದಲ್ಲಿ ಲೆಕ್ಕ ಯಾರಿಗೆ ಕೂಡುತ್ತದೆ?

ಹೊಸ ಮನೆ ಕಟ್ಟಿಸುವವರು ಮೊದಲೆಲ್ಲ ಗೀಸರ್ ಹಾಕಿಸೋಣವೋ ಸೋಲಾರೋ ಎಂದು ಕೇಳುತ್ತಿದ್ದರು. ಈಗ ಮೂರನೆಯದೊಂದು ಸೇರಿಕೊಂಡಿದೆ, ಹೀಟ್ ಪಂಪ್. "ಕರೆಂಟು ನಾಲ್ಕರಲ್ಲಿ ಒಂದು ಪಾಲು ಸಾಕು ಸರ್" ಎಂದು ಅಂಗಡಿಯವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ನೀರು ಕಾಯಿಸುವ ಕರೆಂಟಿನ ಮಾತು, ಇಡೀ ಬಿಲ್ಲಿನದಲ್ಲ. ಕೇಳಿದವರಿಗೆ ಮಾತ್ರ ಬಿಲ್ಲೇ ಕಾಲು ಭಾಗಕ್ಕೆ ಇಳಿಯುತ್ತದೆ ಅನಿಸಿಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ನಮ್ಮ ಊರಿನ ಹವೆಗೆ ಹೇಳಿ ಮಾಡಿಸಿದಂತಿದೆ. ನಮ್ಮ ಮನೆಯ ಬಿಲ್ಲಿಗೆ ಮಾತ್ರ ಅಷ್ಟಾಗಿ ಹೊಂದುವುದಿಲ್ಲ. ಬಕೆಟ್ಟಿನಲ್ಲಿ ಜಳಕ ಮಾಡುವ ನಾಲ್ಕೈದು ಜನರ ಮನೆಗೆ ಇದರ ದುಡ್ಡು ವಾಪಸ್ ಬರುವುದು ಕಷ್ಟ. ಹಾಸ್ಟೆಲ್, ಪಿಜಿ, ಲಾಡ್ಜ್, ಆಸ್ಪತ್ರೆಗಳಿಗೆ ಬರುತ್ತದೆ, ಬೇಗನೇ ಬರುತ್ತದೆ.

ಮೊದಲು ಯಂತ್ರದ ಕೆಲಸ ನೋಡೋಣ. ಗೀಸರಿನೊಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟು ಹರಿದರೆ ಅದು ಕಾಯುತ್ತದೆ, ಸುತ್ತಲಿನ ನೀರೂ ಕಾಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ. ಅದಕ್ಕಿಂತ ಜಾಸ್ತಿ ಯಾವ ಗೀಸರೂ ಕೊಡಲಾರದು, ಐದು ಸ್ಟಾರ್ ಇದ್ದರೂ ಅಷ್ಟೇ. ಆ ಸ್ಟಾರ್ ಹೇಳುವುದು ಟ್ಯಾಂಕಿನಿಂದ ಬಿಸಿ ಎಷ್ಟು ಕಡಿಮೆ ಸೋರುತ್ತದೆ ಎಂಬುದನ್ನು.

ಹೀಟ್ ಪಂಪಿನದು ಬೇರೆ ದಾರಿ. ಇದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ತೆಗೆದು ನೀರಿಗೆ ಸಾಗಿಸುತ್ತದೆ. ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೊಳವೆಯೊಳಗಿನ ಗ್ಯಾಸ್ ಆ ಗಾಳಿಯ ಬಿಸಿ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಆ ಬಿಸಿ ಟ್ಯಾಂಕಿನ ಸುತ್ತ ಸುತ್ತಿದ ಕೊಳವೆಯಿಂದ ನೀರಿಗೆ ಇಳಿಯುತ್ತದೆ. ಫ್ರಿಜ್ ಮಾಡುವ ಕೆಲಸವೂ ಇದೇ. ಫ್ರಿಜ್ಜಿನ ಹಿಂದೆ ಅಥವಾ ಪಕ್ಕದಲ್ಲಿ ಕೈ ಇಟ್ಟರೆ ಬಿಸಿ ಹತ್ತುತ್ತದಲ್ಲ, ಅದು ಒಳಗಿನ ತರಕಾರಿಯಿಂದ ಹೊರಗೆ ಹಾಕಿದ ಬಿಸಿ. ಅಲ್ಲಿ ತಂಪು ನಮಗೆ ಬೇಕು, ಬಿಸಿ ಬೇಡ. ಇಲ್ಲಿ ಉಲ್ಟಾ. ಕರೆಂಟು ಖರ್ಚಾಗುವುದು ಕಂಪ್ರೆಸರ್ ಮತ್ತು ಫ್ಯಾನ್ ತಿರುಗಿಸಲು ಮಾತ್ರ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರರಿಂದ ನಾಲ್ಕು ಯೂನಿಟ್ ಶಾಖ ಸಿಗುತ್ತದೆ. ಈ ಅನುಪಾತಕ್ಕೆ ಸಿಒಪಿ ಅನ್ನುತ್ತಾರೆ.

ಸಿಒಪಿ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಹೊರಗಿನ ಗಾಳಿ ಬೆಚ್ಚಗಿದ್ದಷ್ಟೂ, ನೀರು ಕಾಯಬೇಕಾದ ಮಟ್ಟ ಕೆಳಗಿದ್ದಷ್ಟೂ ಅದು ಏರುತ್ತದೆ. ಯುರೋಪಿನವರು ಇದನ್ನೇ ಮನೆಯೆಲ್ಲ ಬೆಚ್ಚಗಿಡಲು ಬಳಸುತ್ತಾರೆ. 2022ರಲ್ಲಿ ರಷ್ಯಾದ ಗ್ಯಾಸ್ ಕೈಕೊಟ್ಟಾಗ ಅಲ್ಲಿ ಮಾರಾಟ ಹಿಂದಿನ ವರ್ಷಕ್ಕಿಂತ ಸುಮಾರು ಶೇ 40 ಏರಿತ್ತು, ಮರುವರ್ಷ ಇಳಿಯಿತು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅವರ ಯಂತ್ರದ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಹಿಮ್ಮುಖವಾಗಿ ಓಡಬೇಕು. ನಮಗೆ ಆ ತಾಪತ್ರಯವೇ ಇಲ್ಲ. ಧಾರವಾಡದ ಡಿಸೆಂಬರ್ ಬೆಳಗು 14-15 ಡಿಗ್ರಿ ಅಂದರೆ ಸ್ವೆಟರ್ ಹಾಕಿಕೊಂಡು "ಏನ್ ಥಂಡಿ ಮಾರಾಯ" ಅನ್ನುತ್ತೇವೆ. ಹೀಟ್ ಪಂಪಿಗೆ ಅದು ಒಳ್ಳೆಯ ಹವೆ. ಅದೇ ದಿನ ಮಧ್ಯಾಹ್ನ 28 ಡಿಗ್ರಿ ಆಗುತ್ತದೆ, ಆಗಂತೂ ಹಬ್ಬ. ಮನೆ ಬಿಸಿ ಮಾಡುವ ಕೆಲಸ ನಮ್ಮ ಕಡೆ ಬೇಕಾಗಿಲ್ಲ, ಒಂದು ದಪ್ಪ ಕೌದಿ ಸಾಕು. ನಮಗಿರುವ ಪ್ರಶ್ನೆ ಬಚ್ಚಲಿನ ಬಿಸಿನೀರಿನದು ಮಾತ್ರ.

ಈಗ ಲೆಕ್ಕ. 100 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 0.116 ಯೂನಿಟ್ ಶಾಖ ಬೇಕು. ಇದು ಭೌತಶಾಸ್ತ್ರ, ಯಾವ ಕಂಪನಿಯೂ ಬದಲಿಸಲಾಗದು. ಐದು ಜನರ ಮನೆ, ತಲೆಗೊಂದು 20 ಲೀಟರ್ ಬಕೆಟ್ ಹದವಾದ ನೀರು ಎಂದು ಹಿಡಿಯೋಣ. ಬೆಳಿಗ್ಗೆ ಮೇಲಿನ ಟ್ಯಾಂಕಿನ ನೀರು 22 ಡಿಗ್ರಿ, ಜಳಕಕ್ಕೆ ಬೇಕಾದದ್ದು 40. ಅಂದರೆ 100 ಲೀಟರ್, 18 ಡಿಗ್ರಿ. ದಿನಕ್ಕೆ 2.1 ಯೂನಿಟ್. ಗೀಸರಿನ ಸೋರಿಕೆ ಸೇರಿಸಿ ತಿಂಗಳಿಗೆ ಸುಮಾರು 70 ಯೂನಿಟ್ ಆಯಿತು.

ಇದನ್ನೇ ಹೀಟ್ ಪಂಪ್ ಮಾಡಿದರೆ, ಅದರ ದೊಡ್ಡ ಟ್ಯಾಂಕಿನ ಸೋರಿಕೆಯನ್ನೂ ಹಿಡಿದು, 25 ಯೂನಿಟ್ ಬೇಕು. ಉಳಿತಾಯ 45 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೆ ತಿಂಗಳಿಗೆ 270 ರೂಪಾಯಿ, ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ. ಏಪ್ರಿಲ್-ಮೇ ತಿಂಗಳಲ್ಲಿ ಅರ್ಧ ಮನೆ ತಣ್ಣೀರಲ್ಲೇ ಜಳಕ ಮಾಡುತ್ತದೆ, ಹಾಗಾಗಿ ನಿಜದಲ್ಲಿ ಇನ್ನೂ ಕಡಿಮೆ. ಯಂತ್ರದ ಬೆಲೆ? ಮನೆಗೆ ಬೇಕಾದ 150-200 ಲೀಟರಿನದು ಲಕ್ಷದ ಆಸುಪಾಸು, ಅದಕ್ಕಿಂತ ಮೇಲೂ ಇದೆ. ಮೂವತ್ತು ವರ್ಷ ಕಾಯಬೇಕು ದುಡ್ಡು ಹೊಮ್ಮಲು. ಯಂತ್ರವೇ ಹತ್ತು ಹದಿನೈದು ವರ್ಷ ಬಾಳಿಕೆ ಬಂದರೆ ದೊಡ್ಡದು.

ಶವರ್ ಬಳಸುವ, ಅಡುಗೆಮನೆಗೂ ಬಿಸಿನೀರಿನ ಪೈಪ್ ಎಳೆದಿರುವ ಆರೇಳು ಜನರ ಮನೆಯ ಲೆಕ್ಕ ಬೇರೆ. ಅಲ್ಲಿ ದಿನಕ್ಕೆ 200 ಲೀಟರ್ ಹಿಡಿದರೆ ತಿಂಗಳಿಗೆ ಸುಮಾರು 100 ಯೂನಿಟ್ ಉಳಿಯುತ್ತದೆ, ವರ್ಷಕ್ಕೆ ಏಳೆಂಟು ಸಾವಿರ ರೂಪಾಯಿ. ಎರಡು ಗೀಸರ್ ಕೊಳ್ಳುವ ಖರ್ಚು ತಪ್ಪಿತು ಅಂತ ಕಳೆದರೂ ಹನ್ನೊಂದು ಹನ್ನೆರಡು ವರ್ಷ ಬೇಕು. ಅತ್ತ ದರಿ ಇತ್ತ ಪುಲಿ ಎಂಬಂಥ ಸ್ಥಿತಿ ಇದು. ಬೆಲೆ 60 ಸಾವಿರಕ್ಕೆ ಇಳಿದರೆ ಇಂಥ ಮನೆಗೆ ನಾನೇ ಹಾಕಿಸಿ ಅನ್ನುತ್ತೇನೆ.

ಗ್ಯಾಸ್ ಗೀಸರ್ ಅಗ್ಗ ಅನ್ನುವವರಿಗೆ ಒಂದು ಮಾತು. 14.2 ಕಿಲೋ ಸಿಲಿಂಡರಿನಿಂದ ನೀರಿಗೆ ಸೇರುವ ಶಾಖ ಸುಮಾರು 150 ಯೂನಿಟ್. ಸಿಲಿಂಡರಿಗೆ 900 ರೂಪಾಯಿ ಹಿಡಿದರೆ ಅಲ್ಲಿಗೂ ಯೂನಿಟ್ ಶಾಖಕ್ಕೆ 6 ರೂಪಾಯಿಯೇ ಬೀಳುತ್ತದೆ. ಉಳಿಯುವುದೇನಿಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದನ್ನು ಹಾಕಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಜೀವವನ್ನೇ ತೆಗೆಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಬರೀ ಬೆಲೆಯ ಕತೆ. ನಿಜವಾದ ಗಂಟು ಗೃಹಜ್ಯೋತಿಯಲ್ಲಿದೆ.

2023ರಲ್ಲಿ ಜಾರಿಗೆ ಬಂದ ಈ ಯೋಜನೆಯ ನಿಯಮ ಸ್ಥೂಲವಾಗಿ ಹೀಗಿದೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಉಚಿತ. ಅದನ್ನು ದಾಟಿದರೆ ದಾಟಿದ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಹಳೆಯ ಲೆಕ್ಕ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇ 10 ಸೇರಿ 58.

ಇದನ್ನು ಹೀಟ್ ಪಂಪಿಗೆ ಜೋಡಿಸಿ ನೋಡಿ. ಆಗಲೇ ಗೀಸರ್ ಇದ್ದ, ತಿಂಗಳಿಗೆ 150 ಯೂನಿಟ್ ಸುಡುತ್ತಿದ್ದ ಮನೆಗೆ ಈಗ 165 ಯೂನಿಟ್ ಉಚಿತ. ಗೀಸರಿನ ಕರೆಂಟೂ ಅದರೊಳಗೇ ಬಂತು. ಆ ಮನೆಯವರು ಲಕ್ಷ ಖರ್ಚು ಮಾಡಿ 45 ಯೂನಿಟ್ ಉಳಿಸಿದರೆ ಅವರಿಗೆ ಸಿಗುವ ಲಾಭ ಸೊನ್ನೆ. ಉಳಿದ ದುಡ್ಡು ಸರ್ಕಾರದ್ದು, ಏಕೆಂದರೆ ಆ ಯೂನಿಟ್ಟುಗಳ ಹಣವನ್ನು ಹೆಸ್ಕಾಂಗೆ ಕಟ್ಟುವುದು ಸರ್ಕಾರ. ಖರ್ಚು ಮನೆಯವರಿಗೆ, ಉಳಿತಾಯ ಖಜಾನೆಗೆ! ಯಾರು ಹಾಕಿಸುತ್ತಾರೆ ಹೇಳಿ?

ಇನ್ನೊಂದು ಮನೆ ನೋಡಿ. ಸರಾಸರಿ 175ರ ಹತ್ತಿರ ಇದ್ದು, ಚಳಿಗಾಲದಲ್ಲಿ ಮತ್ತು ಮಳೆಗಾಲದಲ್ಲಿ 215ಕ್ಕೆ ಹೋಗುವ ಮನೆ. ಆ ತಿಂಗಳು 15 ಯೂನಿಟ್ ಮಿತಿ ಮೀರಿದ ತಪ್ಪಿಗೆ 1,300 ರೂಪಾಯಿ ಬಿಲ್, ಮೇಲೆ ನಿಗದಿ ಶುಲ್ಕ ಮತ್ತು ತೆರಿಗೆ. ಇದೇ ಮನೆಗೆ ಹೀಟ್ ಪಂಪ್ ಬಂದರೆ ಬಳಕೆ 170ಕ್ಕೆ ಇಳಿದು ಬಿಲ್ ಸೊನ್ನೆ. ಅದೇ 45 ಯೂನಿಟ್, ಇಲ್ಲಿ ಐದು ಪಟ್ಟು ಬೆಲೆ ಬಾಳುತ್ತದೆ. ವರ್ಷದಲ್ಲಿ ಆರು ತಿಂಗಳು ಹೀಗೆ ಗೆರೆ ದಾಟುವ ಮನೆಯಾಗಿದ್ದರೆ ಲೆಕ್ಕ ಪೂರ್ತಿ ಬದಲಾಯಿತು. ಹಾಗಂತ ಅಂಥ ಮನೆಗೂ ನಾನು ಮೊದಲು ಹೇಳುವುದು ಬೇರೆ: ಗೀಸರಿನ ಥರ್ಮೋಸ್ಟಾಟ್ 50ಕ್ಕೆ ಇಳಿಸಿ, ದಿನವಿಡೀ ಆನ್ ಬಿಡಬೇಡಿ. ಮಿತಿಯೊಳಗೆ ಬರಲು ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

58 ಯೂನಿಟ್ ಮಾತ್ರ ಉಚಿತ ಸಿಗುವ ಹೊಸ ಮನೆಯವರಿಗೆ ಉಳಿಸಿದ ಪ್ರತಿ ಯೂನಿಟ್ಟೂ ಜೇಬಿಗೆ ಬರುತ್ತದೆ. ಹೀಟ್ ಪಂಪ್ ಬಗ್ಗೆ ವಿಚಾರಿಸುತ್ತಿರುವವರೂ ಹೆಚ್ಚಾಗಿ ಹೊಸ ಮನೆ ಕಟ್ಟುವವರೇ. ಆದರೆ ಅವರ ಮುಂದೆ ಸೋಲಾರ್ ಇದೆ. 200 ಲೀಟರಿನ ಗಾಜಿನ ಕೊಳವೆಯ ಸೋಲಾರ್ ಹೀಟರ್ 25-35 ಸಾವಿರದಲ್ಲಿ ಮುಗಿಯುತ್ತದೆ, ಬಿಸಿಲು ಪುಕ್ಕಟೆ.

ಇಲ್ಲಿ ಊರಿನಿಂದ ಊರಿಗೆ ಫರಕು ಇದೆ. ಗದಗ ಬಿಸಿಲಿನ ಸೀಮೆ. ಕಪ್ಪತಗುಡ್ಡದ ಗಾಳಿಯಂತ್ರ ನೋಡಿದವರಿಗೆ ಅಲ್ಲಿಯ ಮೋಡ ನಿಲ್ಲುವುದಿಲ್ಲ ಎಂಬುದೂ ಗೊತ್ತು. ಗದಗ, ರೋಣ, ಮುಂಡರಗಿ ಕಡೆ ಸ್ವಂತ ಮಾಳಿಗೆ ಇದ್ದವರು ಹೀಟ್ ಪಂಪ್ ಯೋಚನೆ ಬಿಟ್ಟು ಸೋಲಾರ್ ಹಾಕಿಸುವುದೇ ಸೈ. ಧಾರವಾಡ ಹಾಗಲ್ಲ. ಮಲೆನಾಡಿನ ಸೆರಗು ಅದು. ಜೂನ್ ನಡುವಿನಿಂದ ಶ್ರಾವಣ ಮುಗಿಯುವವರೆಗೆ ಜಿಟಿಜಿಟಿ ಹಿಡಿದರೆ ಸೂರ್ಯನ ಮುಖ ಕಾಣದ ದಿನಗಳು ಸಾಲುಸಾಲು. ಬಿಸಿನೀರು ಹೆಚ್ಚು ಬೇಕಾದ ದಿನಗಳೇ ಅವು. ಆಗ ಸೋಲಾರ್ ಟ್ಯಾಂಕಿನೊಳಗಿನ ಕಾಯಿಲ್ ಹಾಕಬೇಕು, ಅದು ದೊಡ್ಡ ಟ್ಯಾಂಕಿನಷ್ಟೂ ನೀರನ್ನು ಕಾಯಿಸುತ್ತಾ ಕೂರುತ್ತದೆ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ ಕಡೆ ಧಾರವಾಡದ ಹಾಗೆ, ರಾಣೆಬೆನ್ನೂರು ಕಡೆ ಗದಗಿನ ಹಾಗೆ. ಹುಬ್ಬಳ್ಳಿ ನಡುವೆ. ಮೋಡ ಇದ್ದರೂ ಗಾಳಿ ಬೆಚ್ಚಗೇ ಇರುತ್ತದಲ್ಲ, ಮಳೆಗಾಲದಲ್ಲಿ ಹೀಟ್ ಪಂಪ್ ಗೆಲ್ಲುವುದು ಅಲ್ಲಿ. ಮತ್ತೆ, ಧಾರವಾಡದ ಮಂಗ್ಯಾಗಳಿಗೂ ಸೋಲಾರಿನ ಗಾಜಿನ ಕೊಳವೆಗಳಿಗೂ ಇರುವ ವೈರ ಅಲ್ಲಿಯವರನ್ನೇ ಕೇಳಿ.

ಇಟ್ಟುಕೊಂಡು ಬದುಕುವುದು ಹೇಗಿರುತ್ತದೆ? ಧಾರವಾಡದ ನಮ್ಮ ಅಕ್ಕನ ಮನೆಯಲ್ಲಿ ಒಂದಿದೆ. ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಇದಕ್ಕೆ ಅವಸರ ಗೊತ್ತಿಲ್ಲ. 200 ಲೀಟರ್ ನೀರನ್ನು 22ರಿಂದ 55 ಡಿಗ್ರಿಗೆ ಒಯ್ಯಲು ನಾಲ್ಕು ತಾಸು ಹಿಡಿಯುತ್ತದೆ. ಗೀಸರ್ ಹಾಕಿ ಚಹಾ ಕುಡಿದು ಬಂದರೆ ನೀರು ಕಾದಿರುತ್ತಿದ್ದ ಮನೆಯಲ್ಲಿ ಇದು ದೊಡ್ಡ ಬದಲಾವಣೆ. ಹಬ್ಬಕ್ಕೆ ನೆಂಟರು ಬಂದು ಬೆಳಿಗ್ಗೆ ಏಳರೊಳಗೆ ಟ್ಯಾಂಕ್ ಖಾಲಿಯಾದರೆ ಮುಂದಿನವರು ಕಾಯಬೇಕು. ಅಕ್ಕನ ಅತ್ತೆ "ಏನವಾ, ಇನ್ನೂ ನೀರು ಕಾಯ್ದಿಲ್ಲೇನು? ಹಂಡೇದಾಗ ಇಷ್ಟೊತ್ತಿಗೆ ಕುದ್ದು ಹೋಗಿರ್ತಿತ್ತು" ಅಂತ ಇವತ್ತಿಗೂ ಅನ್ನುತ್ತಾರೆ. ಹತ್ತಿ ಕಟ್ಟಿಗೆ, ಕುಳ್ಳು ಹಾಕಿ ಉರಿ ಎಬ್ಬಿಸುತ್ತಿದ್ದ ಹಂಡೆಯ ಮುಂದೆ ಯಾವ ಯಂತ್ರವೂ ನಿಧಾನವೇ ಬಿಡಿ. ಆ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡವರೂ ಅವರೇ, ಅದನ್ನು ಮಾತ್ರ ಹೇಳುವುದಿಲ್ಲ.

ಈ ನಿಧಾನಕ್ಕೆ ಮದ್ದು ಟೈಮರ್. ಮಧ್ಯಾಹ್ನ 12ರಿಂದ 4ರವರೆಗೆ ಓಡುವಂತೆ ಇಟ್ಟರೆ ಗಾಳಿ ಬೆಚ್ಚಗಿರುತ್ತದೆ, ಸಿಒಪಿ ಜಾಸ್ತಿ ಸಿಗುತ್ತದೆ. ಟ್ಯಾಂಕಿನ ಹೊದಿಕೆ ಚೆನ್ನಾಗಿದ್ದರೆ ಬೆಳಗಿನವರೆಗೆ ಇಳಿಯುವುದು ನಾಲ್ಕೈದು ಡಿಗ್ರಿ ಮಾತ್ರ. ಮಾಳಿಗೆ ಮೇಲೆ ಕರೆಂಟಿನ ಸೋಲಾರ್ ಇದ್ದವರಿಗೆ ಇದು ಇನ್ನೂ ಒಳ್ಳೆಯದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಹೀಟ್ ಪಂಪ್ ಎಳೆಯುವುದು ಒಂದು ಕಿಲೋವಾಟಿಗಿಂತ ಕಡಿಮೆ, ಗೀಸರ್ ಎಳೆಯುವುದು ಎರಡು, ಮೂರು. ಜಪಾನಿನಲ್ಲಿ 2001ರಿಂದ ಮಾರುತ್ತಿರುವ ಇಕೋಕ್ಯೂಟ್ ಎಂಬ ಹೀಟ್ ಪಂಪ್ ರಾತ್ರಿಯ ಅಗ್ಗದ ಕರೆಂಟಿಗೆಂದೇ ಹುಟ್ಟಿದ್ದು. ಸೋಲಾರ್ ಹೆಚ್ಚಾದ ಮೇಲೆ ಅಲ್ಲೂ ಹಗಲಿಗೆ ಓಡುವ ಮಾದರಿ ಬಂದಿವೆ. ನಮ್ಮಲ್ಲಿಯೂ ಹಗಲಿನ ಕರೆಂಟಿಗೆ ದರ ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿದೆ. ನಮ್ಮ ಮನೆ ಬಿಲ್ ಮಾತ್ರ ಇನ್ನೂ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಒಂದೇ ದರದ್ದು.

ಎರಡನೆಯದು ಜಾಗ. ಯಂತ್ರಕ್ಕೆ ಗಾಳಿ ಬೇಕು. ಮುಚ್ಚಿದ ಬಚ್ಚಲಿನಲ್ಲಿಟ್ಟರೆ ಅದೇ ತಂಪು ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು ಸೋಲುತ್ತದೆ. ಒಳಗಿಡುವುದಾದರೆ ಕಡಿಮೆ ಎಂದರೂ 20 ಘನ ಮೀಟರ್ ಬಯಲು ಬೇಕು, ಅಂದರೆ ಒಂದು ಸಣ್ಣ ಕೋಣೆಯಷ್ಟು. ಹಿತ್ತಲು ಅಥವಾ ಮಾಳಿಗೆಯ ತಗಡಿನ ಕೆಳಗೆ ಇಡುವುದು ಒಳ್ಳೆಯದು. ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಧಾರವಾಡದ ಮಳೆಗಾಲದಲ್ಲಂತೂ ಲೀಟರುಗಟ್ಟಲೆ. ಅದಕ್ಕೊಂದು ಪೈಪ್ ಬೇಕು. ಸದ್ದು ಕಿಟಕಿ ಎಸಿಯಷ್ಟಿಲ್ಲ, ಫ್ರಿಜ್ಜಿಗಿಂತ ಜಾಸ್ತಿ. ಮಲಗುವ ಕೋಣೆಯ ಗೋಡೆಗೆ ಹಚ್ಚಿ ಇಡಬೇಡಿ.

ಮೂರನೆಯದು, ಒಳಗೆ ಕೂತಿರುವ ಕಳ್ಳ. ಬಹಳ ಹೀಟ್ ಪಂಪುಗಳ ಟ್ಯಾಂಕಿನಲ್ಲಿ ಒಂದೂವರೆ, ಎರಡು ಕಿಲೋವಾಟಿನ ಮಾಮೂಲಿ ಕಾಯಿಲ್ ಕೂಡ ಇರುತ್ತದೆ. ಬೇಗ ಬಿಸಿ ಬೇಕೆಂದು ಯಾರಾದರೂ ಆ ಬಟನ್ ಒತ್ತಿ ಹಾಗೇ ಬಿಟ್ಟರೆ ನೀವು ಲಕ್ಷ ಕೊಟ್ಟು ಗೀಸರನ್ನೇ ಕೊಂಡಂತೆ. ಅಕ್ಕನ ಮನೆಗೆ ಯಂತ್ರ ಕೂರಿಸಿದ ಹುಡುಗ ಅದನ್ನು ಆನ್ ಮಾಡಿಯೇ ಹೋಗಿದ್ದ, ಬಿಲ್ ಇಳಿಯಲೇ ಇಲ್ಲ. ಕಾರಣ ಗೊತ್ತಾಗಲು ಫೋನ್ ಮೇಲೆ ಫೋನ್ ಮಾಡಬೇಕಾಯಿತು. ವಾರಕ್ಕೊಮ್ಮೆ ನೀರನ್ನು 60 ಡಿಗ್ರಿಗೆ ಏರಿಸಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೊಲ್ಲಲು ಆ ಕಾಯಿಲ್ ಬೇಕು. ಉಳಿದ ದಿನ 50 ಸಾಕು.

ನಾಲ್ಕನೆಯದು ನೀರು ಮತ್ತು ವೋಲ್ಟೇಜ್. ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ಬೋರ್ ನೀರೇ ಗತಿ, ಅದು ಗಡಸು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಹೀಟ್ ಪಂಪಿನ ಕೊಳವೆ ಅಷ್ಟು ಸುಡುವುದಿಲ್ಲ, ಟ್ಯಾಂಕಿನ ಹೊರಗೂ ಇರುತ್ತದೆ, ಹಾಗಾಗಿ ಪದರ ನಿಧಾನ. ತುಕ್ಕು ತಡೆಯಲೆಂದು ಟ್ಯಾಂಕಿನೊಳಗೆ ಇಟ್ಟಿರುವ ಆನೋಡ್ ಸರಳನ್ನು ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ತೆಗೆದು ನೋಡಬೇಕು, ಸವೆದಿದ್ದರೆ ಬದಲಿಸಬೇಕು. ಇಲ್ಲದಿದ್ದರೆ ತುಕ್ಕು ಟ್ಯಾಂಕನ್ನೇ ತಿನ್ನುತ್ತದೆ. ಕಂಪ್ರೆಸರಿಗೆ ಲೋ ವೋಲ್ಟೇಜ್ ಆಗಿಬರುವುದಿಲ್ಲ, ಊರ ಹೊರಗಿನ ಲೇಔಟ್ ಆದರೆ ಸ್ಟೆಬಿಲೈಸರ್ ಇರಲಿ. ಕೆಟ್ಟಾಗ ಗೀಸರ್ ಮೆಕ್ಯಾನಿಕ್‌ಗೆ ಕಂಪ್ರೆಸರ್ ಗೊತ್ತಿಲ್ಲ, ಎಸಿ ಮೆಕ್ಯಾನಿಕ್‌ಗೆ ಟ್ಯಾಂಕ್ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಹೇಗೋ ನಡೆಯುತ್ತದೆ. ಗದಗ, ಹಾವೇರಿಯವರು ಕೊಳ್ಳುವ ಮುಂಚೆ ಸರ್ವಿಸಿಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಬರಹದಲ್ಲಿ ಪಡೆದುಕೊಳ್ಳಲಿ.

ಈಗ ಲೆಕ್ಕ ನಿಜವಾಗಿ ಕೂಡುವ ಜಾಗಕ್ಕೆ ಬರೋಣ. ಧಾರವಾಡ ವಿದ್ಯಾರ್ಥಿಗಳ ಊರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ, ಇವುಗಳ ಮೇಲೆ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವರು. ಓಣಿಗೊಂದು ಪಿಜಿ. 100 ಹುಡುಗರ ಒಂದು ಹಾಸ್ಟೆಲ್ ತೆಗೆದುಕೊಳ್ಳಿ, ತಲೆಗೊಂದು ಬಕೆಟ್. ದಿನಕ್ಕೆ 2,000 ಲೀಟರ್, ಗೀಸರ್ ಆದರೆ ಸುಮಾರು 45 ಯೂನಿಟ್. ದೊಡ್ಡ ಹೀಟ್ ಪಂಪ್ 12ರಲ್ಲಿ ಮುಗಿಸುತ್ತದೆ. ತಿಂಗಳಿಗೆ ಸಾವಿರ ಯೂನಿಟ್ ಉಳಿತಾಯ, ಯೂನಿಟ್‌ಗೆ 7 ರೂಪಾಯಿ ಹಿಡಿದರೆ 7,000. ರಜೆ ಕಳೆದು ಹತ್ತು ತಿಂಗಳಿಗೆ 70,000. ಯಂತ್ರ, ಟ್ಯಾಂಕು, ಪೈಪು ಎಲ್ಲ ಸೇರಿ ಮೂರೂವರೆ ಲಕ್ಷ ಬಿದ್ದರೂ ಐದು ವರ್ಷದಲ್ಲಿ ಮುಗಿಯಿತು. ಗೃಹಜ್ಯೋತಿಯ ಗೊಂದಲವೂ ಇಲ್ಲಿಲ್ಲ. ಮೂರು ಅಂತಸ್ತಿನ ಪಿಜಿಯ ಮಾಳಿಗೆಯಲ್ಲಿ 2,000 ಲೀಟರಿನ ಸೋಲಾರಿಗೆ ಬೇಕಾದಷ್ಟು ಜಾಗ ಸಿಗುವುದು ಕಷ್ಟ. ಹುಡುಗರ ಬಟ್ಟೆ ಒಣಹಾಕಲೂ ಅದೇ ಮಾಳಿಗೆ. ಆಸ್ಪತ್ರೆಗೆ ಇನ್ನೂ ಒಂದು ಅನುಕೂಲ ಇದೆ, ಅಲ್ಲಿ ಬಿಸಿನೀರು ವರ್ಷವಿಡೀ, ಹಗಲು ರಾತ್ರಿ ಬೇಕು. ಯಂತ್ರ ಹೆಚ್ಚು ಓಡಿದಷ್ಟೂ ದುಡ್ಡು ಬೇಗ ಹೊಮ್ಮುತ್ತದೆ. ನಾನು ನೋಡಿದ ಎಷ್ಟೋ ಪಿಜಿಗಳಲ್ಲಿ ಇನ್ನೂ ಮಹಡಿಗೆರಡು ಗೀಸರ್, ಬೆಳಿಗ್ಗೆ ಆರರಿಂದ ಎಂಟು ಮಾತ್ರ ಬಿಸಿನೀರು ಎಂಬ ಬೋರ್ಡು. ಸರ್ಕಾರ ಎಲ್ಲಿಯಾದರೂ ಸಹಾಯಧನ ಕೊಡುವುದಾದರೆ ತನ್ನದೇ ಹಾಸ್ಟೆಲ್ಲುಗಳಿಂದ ಶುರು ಮಾಡಲಿ, ಅಲ್ಲಿ ಬಿಲ್ ಕಟ್ಟುವವರೂ ಉಳಿತಾಯ ಪಡೆಯುವವರೂ ಒಬ್ಬರೇ.

ಈಗ ಮನೆ ಕಟ್ಟಿಸುತ್ತಿರುವವರು ಇವತ್ತೇ ಹೀಟ್ ಪಂಪ್ ಕೊಳ್ಳಬೇಕಾಗಿಲ್ಲ. ಆದರೆ ಪ್ಲಾಸ್ಟರ್ ಆಗುವ ಮುಂಚೆ ಹಿತ್ತಲಿನ ಗೋಡೆಯಿಂದ ಎಲ್ಲ ಬಚ್ಚಲಿಗೂ ಒಂದು ಬಿಸಿನೀರಿನ ಪೈಪ್ ಎಳೆಸಿಡಿ, ಮೇಲೆ ಹೊದಿಕೆ ಸುತ್ತಿಸಿ. ಪಕ್ಕದಲ್ಲಿ 16 ಆಂಪಿನ ಒಂದು ಪಾಯಿಂಟು, ನೀರು ಇಳಿಯಲು ಒಂದು ಸಣ್ಣ ಪೈಪು, 200 ಲೀಟರಿನ ಟ್ಯಾಂಕ್ ತಡೆಯುವಷ್ಟು ಗಟ್ಟಿ ಕಟ್ಟೆ. ಸದ್ಯಕ್ಕೆ ಅಲ್ಲಿಗೆ ಸೋಲಾರೋ ಗೀಸರೋ ಜೋಡಿಸಿಕೊಳ್ಳಿ. ಬೆಲೆ ಇಳಿದ ಮೇಲೆ ಟೈಲ್ಸ್ ಒಡೆಸದೆ ಬದಲಿಸಬಹುದು.